ಒಂದೇ ಕಂಪೌಂಡಿನ ವೆಬ್‌ಸೈಟುಗಳು

ಕಂಪ್ಲಿಯ ಕೊಟ್ರಯ್ಯನಿಗೆ ಕೋಪ ಮೂಗಿನ ಮೇಲೆಯೇ ಕೂತಿರುತ್ತದೆ ಅನ್ನುವುದೆಲ್ಲ ಸುಳ್ಳು. ಅವನ ಕೋಪಕ್ಕೆ ಕೂರುವ ಅಭ್ಯಾಸವೇ ಇಲ್ಲ, ಅದು ಅವನಿಗಿಂತ ಮುಂದೆ ಮುಂದೆ ನಡೆದು ಹೋಗುತ್ತದೆ. ಆ ದಿನವೂ ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಮೆಟ್ಟಿಲು ಹತ್ತಿ ಅದೇ ಮೊದಲು ಬಂತು. ಅದರ ಹಿಂದೆ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಬೆರಳಲ್ಲಿ ಜೀಪಿನ ಕೀಲಿ ತಿರುಗಿಸುತ್ತ ಕೊಟ್ರಯ್ಯ ಬಂದ. ಮೇಲೆ ಇದ್ದದ್ದು ದೇವಿಕಾಳ ಅಂಗಡಿ. ವೆಬ್‌ಸೈಟು, ಜೆರಾಕ್ಸು, ಲ್ಯಾಮಿನೇಷನ್ನು ಮೂರೂ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು.

ಕೊಟ್ರಯ್ಯ ಅಕ್ಕಿ ಗಿರಣಿಯ ಸಾವ್ಕಾರ. ಕಾಲುವೆ ಕೆಳಗಿನ ಭತ್ತವೆಲ್ಲ ತನ್ನ ಗಿರಣಿಯಲ್ಲೇ ಹಾಯುತ್ತದೆ ಎನ್ನುವುದು ಅವನ ನಂಬಿಕೆ. ಊರವರು ಬೇರೆ ಹೇಳುತ್ತಾರೆ, ಅದಿರಲಿ. ಎದುರು ಗಿರಣಿಯವರು ವೆಬ್‌ಸೈಟು ಮಾಡಿಸಿದ್ದೇ ತಡ, ತನಗೂ ಒಂದು ಬೇಕೆಂದು ಹಟ ಹಿಡಿದಿದ್ದ. ಅದೂ ನಾಗರಪಂಚಮಿಯೊಳಗೆ ಆಗಬೇಕು. ಯಾಕೆ ಪಂಚಮಿಯೊಳಗೇ ಎಂದು ದೇವಿಕಾ ಕೇಳಿದ್ದಕ್ಕೆ, ಹಬ್ಬಕ್ಕೆ ಮನೆಯಲ್ಲಿ ಏನಾದರೂ ಹೊಸದು ಇರಬೇಕು ಎಂದು ಹಾರಿಸಿಬಿಟ್ಟ.

ನಿಜ ಸಂಗತಿ ಕಂಪ್ಲಿಗೆಲ್ಲ ಗೊತ್ತು, ಹೊಸಪೇಟೆಯ ದೇವಿಕಾಳಿಗೆ ಗೊತ್ತಿರಲಿಲ್ಲ. ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ತವರಿನವರು ಹೋಗಿ ಕರೆತರಬೇಕು, ಅವರು ಬಂದು ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಕೊಟ್ರಯ್ಯನಿಗೆ ಇದ್ದವಳು ಒಬ್ಬಳೇ ಅಕ್ಕ, ಜಂಬಮ್ಮ. ಸಂಡೂರಿಗೆ ಕೊಟ್ಟಿದ್ದರು. ಅಪ್ಪ ಗಿರಣಿಗೆ ಮಗಳ ಹೆಸರನ್ನೇ ಇಟ್ಟಿದ್ದ, ಜಂಬಮ್ಮ ರೈಸ್ ಮಿಲ್ ಅಂತ. ಅಪ್ಪ ತೀರಿದ ಮೇಲೆ ಕೊಟ್ರಯ್ಯ ಬೋರ್ಡು ಇಳಿಸಿ, ಶ್ರೀ ಕೊಟ್ರೇಶ್ವರ ಮಾಡರ್ನ್ ರೈಸ್ ಮಿಲ್ ಎಂದು ಹೊಸದು ಬರೆಸಿದ. ದೇವರ ಹೆಸರು ಅಂದ. ಯಾವ ದೇವರು ಅಂತ ಊರಿಗೆ ಗೊತ್ತಾಗದೆ ಇರುತ್ತದೆಯೇ? ಆ ವರ್ಷ ಹಬ್ಬಕ್ಕೆ ಬಂದ ಜಂಬಮ್ಮ ಗಿರಣಿಯ ಗೇಟಿನಲ್ಲಿ ಬೋರ್ಡು ನೋಡಿದವಳು ಆಟೋದಿಂದ ಇಳಿಯದೆ ಹಾಗೇ ತಿರುಗಿ ಹೋದಳು. ಅಂದಿನಿಂದ ಅವಳು ಬಂದಿಲ್ಲ, ಇವನು ಕರೆದಿಲ್ಲ. ಪ್ರತಿ ಪಂಚಮಿಗೂ ಇವನ ಹೆಂಡತಿ ರೇಣುಕಮ್ಮ ಪಡಸಾಲೆಯಲ್ಲಿ ಜೋಕಾಲಿ ಕಟ್ಟುತ್ತಾಳೆ, ಸಂಜೆ ತುಟಿ ಪಿಟಕ್ಕೆನ್ನದೆ ಬಿಚ್ಚಿಡುತ್ತಾಳೆ. ಅಕ್ಕ ಬೇಕು ಅಂತ ಕೊಟ್ರಯ್ಯನಿಗೂ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಆ ದೊಡ್ಡ ಮನುಷ್ಯನಿಗೆ ಇರಲಿಲ್ಲ.

ಹೀಗಿರುವಾಗ ಈ ವೆಬ್‌ಸೈಟು. ದೇವಿಕಾ ಒಂದು ಟೆಂಪ್ಲೇಟು ಕೊಂಡಿದ್ದಳು. ಟೆಂಪ್ಲೇಟು ಎಂದರೆ ರೆಡಿಮೇಡ್ ಅಂಗಿ ಇದ್ದ ಹಾಗೆ; ಯಾರೋ ಎಲ್ಲೋ ಹೊಲಿದಿಟ್ಟದ್ದನ್ನು ತಂದು, ಬಾಡಿಗೆಯ ಸರ್ವರಿನಲ್ಲಿ ಕೂರಿಸಿ, ನಮ್ಮ ಹೆಸರು ನಮ್ಮ ಫೋಟೋ ಹಾಕಿಕೊಂಡರೆ ಆಯಿತು. ಅದು ಜಿಪ್ ಫೈಲಿನಲ್ಲಿ ಬರುತ್ತದೆ, ದೊಡ್ಡ ಗಂಟಿನೊಳಗೆ ಒಂದು ಚಿಕ್ಕ ಗಂಟು. ಹೊರಗಿನದನ್ನು ಬಿಚ್ಚಿ, ಒಳಗಿನ ಗಂಟನ್ನು ಮಾತ್ರ ಸರ್ವರಿಗೆ ಕಳಿಸಬೇಕು. ಕೊಟ್ರಯ್ಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಿದ್ದ. ಅವಳು ಬಿಚ್ಚಲು ಹೋಗಿದ್ದೇ ತಡ, ಗಬಕ್ಕನೆ ಮೌಸಿನ ವೈರು ಹಿಡಿದುಕೊಂಡ.

ಗಿರಣಿಯವರಲ್ಲಿ ಒಂದು ನೇಮವಿದೆ. ಹೊಲಿದ ಚೀಲ ಹೊಲಿದಂತೆಯೇ ಗಿರಾಕಿಯ ಮನೆ ಸೇರಬೇಕು. ದಾರಿಯಲ್ಲಿ ಬಾಯಿ ಬಿಚ್ಚಿದ ಚೀಲವನ್ನು ಕಂಪ್ಲಿಯಲ್ಲಿ ಯಾರೂ ಒಳಗೆ ತಗೊಳ್ಳುವುದಿಲ್ಲ. ನುಚ್ಚು ಬೆರೆಸಿದ್ದಾರೋ ಕಲ್ಲು ಬೆರೆಸಿದ್ದಾರೋ ಯಾರಿಗೆ ಗೊತ್ತು! ಆದ್ದರಿಂದ ತನ್ನ ಟೆಂಪ್ಲೇಟಿನ ಬಾಯಿಯನ್ನೂ ಬಿಚ್ಚಕೂಡದು, ಇಡಿಯಾಗಿ ಕಳಿಸು ಅಂದ. ದೇವಿಕಾ ಎಷ್ಟು ಹೇಳಿದರೂ ಕೇಳಲಿಲ್ಲ. ಇಡೀ ಗಂಟು ಹೋಯಿತು, ಸರ್ವರು ಅದನ್ನು ಮೂಸಿ ನೋಡಿ, ಬೇಕಾದ ಫೈಲು ಇದರಲ್ಲಿ ಇಲ್ಲ ಎಂದು ವಾಪಸ್ಸು ತಳ್ಳಿತು. ಮತ್ತೆ ಕಳಿಸು ಅಂದ. ಮತ್ತೆ ತಳ್ಳಿತು. ಕೊಟ್ರಯ್ಯನ ಪಿತ್ತ ನೆತ್ತಿಗೇರಿತು. ಸರ್ವರಿನ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಮನೆಗೆ ಸಾಮಾನು ಯಾಕೆ ಕಳಿಸುತ್ತೀ ಎಂದು ಬೈದು, ಲ್ಯಾಪ್‌ಟಾಪನ್ನು ತಾನೇ ಎತ್ತಿ ಪೂರ್ವಕ್ಕೆ ತಿರುಗಿಸಿಟ್ಟು, ಕೀಬೋರ್ಡಿನ ಮೇಲೆ ಒಂದು ನಿಂಬೆಹಣ್ಣು ಇಟ್ಟು ಚಾ ಕುಡಿಯಲು ಇಳಿದು ಹೋದ. ನಿಂಬೆಹಣ್ಣಿನ ಭಾರಕ್ಕೆ ಪರದೆಯ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಬೀಳತೊಡಗಿತು. ದೇವಿಕಾ ಹಣ್ಣು ತೆಗೆದಿಟ್ಟು, ಕಳ್ಳತನದಲ್ಲಿ ಹೊರಗಿನ ಗಂಟು ಬಿಚ್ಚಿದಳು.

ಮುಂದಿನ ಅಡ್ಡಿ, ಫೈಲು ದೊಡ್ಡದಾಯಿತು ಅಂತ. ಅವಳು ಮಿತಿ ಏರಿಸಿದಳು. ಅದರ ಮುಂದಿನದು, ವೆಬ್‌ಸೈಟು ಓಡಿಸುವ ಪಿಎಚ್‌ಪಿ ಹಳೆಯದಾಯಿತು ಅಂತ. ಹಳೆಯ ಎಂಜಿನ್ನಿಗೆ ಹೊಸ ಗಾಲಿ ಕೂರುವುದಿಲ್ಲ, ಅಷ್ಟೇ. ಸರ್ವರು ಬಾಡಿಗೆ ಕೊಟ್ಟ ಹೋಸ್ಟಿಂಗಿನವರ ಚಾಟ್ ತೆರೆದು ಕೇಳಿದಳು. ಆ ಕಡೆಯವನು, ಕ್ಯಾಶ್ ಅಳಿಸಿ ನೋಡಿ ಅಂದ, ಕಂಪ್ಯೂಟರು ಕೂಡಿಟ್ಟುಕೊಂಡ ಹಳೆಯ ನೆನಪು ಅದು. ಅಳಿಸಿದಳು. ಆಗಲಿಲ್ಲ ಅಂದಳು. ಕ್ಯಾಶ್ ಅಳಿಸಿ ನೋಡಿ ಅಂದ. ಅಷ್ಟರಲ್ಲಿ ಮೇಲೆ ಬಂದಿದ್ದ ಕೊಟ್ರಯ್ಯ, ಪಾಪ ಎಷ್ಟು ಹೊತ್ತಿನಿಂದ ಕೂತಿದ್ದಾನೋ, ಊಟ ಆಯಿತೇನು ಕೇಳು ಅಂದ. ಅವಳು ಬೇಸತ್ತು ಅದನ್ನೂ ಬರೆದಳು. ಕ್ಯಾಶ್ ಅಳಿಸಿ ನೋಡಿ ಎಂದು ಉತ್ತರ ಬಂತು.

ಕೊನೆಗೆ ದೇವಿಕಾ ತಾನೇ ಗಟ್ಟಿ ಮನಸ್ಸು ಮಾಡಿ ಪಿಎಚ್‌ಪಿ ಬದಲಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಹಂಪಿಯಿಂದ ಮೂಕಣ್ಣ. ಹೆಸರಷ್ಟೇ ಮೂಕಣ್ಣ, ಮಾತಿಗೆ ನಿಂತರೆ ವಿರೂಪಾಕ್ಷನ ಗುಡಿಯ ಮುಂದಿನ ಗೈಡುಗಳೆಲ್ಲ ಎದ್ದು ದಾರಿ ಬಿಡಬೇಕು. ತನ್ನ ಹರಿಗೋಲಿನ ವೆಬ್‌ಸೈಟು ಹೊಳೆಯೂ ಇಲ್ಲ ದಡವೂ ಇಲ್ಲ, ಬರೀ ಬೆಳ್ಳಗಾಗಿ ಕೂತಿದೆ, ಇದೇನವ್ವಾ ಅನ್ಯಾಯ ಅಂತ ಅವನ ಗೋಳು. ದೇವಿಕಾ ಗಾಬರಿಯಿಂದ ಪಿಎಚ್‌ಪಿಯನ್ನು ಹಿಂದಕ್ಕೆ ತಿರುಗಿಸಿದಳು, ಅವನ ಹೊಳೆ ವಾಪಸ್ಸು ಬಂತು.

ಕೊಟ್ರಯ್ಯ ಇದನ್ನೆಲ್ಲ ಕಿವಿ ನಿಮಿರಿಸಿ ಕೇಳಿದ. ತನ್ನ ಮನೆಯ ಎಂಜಿನ್ ಬದಲಿಸಿದರೆ ಹಂಪಿಯವನಿಗೆ ಯಾಕೆ ನೋವು? ಕೆದಕಿ ಕೆದಕಿ ಕೇಳಿದ ಮೇಲೆ ಅವಳು ಬಾಯಿಬಿಟ್ಟಳು. ಊರೂರಿನ ಸಣ್ಣ ಗಿರಾಕಿಗಳಿಗೆಲ್ಲ ಬೇರೆ ಬೇರೆ ಜಾಗ ಕೊಳ್ಳುವುದು ಕೈಗೆಟುಕುವ ಮಾತಲ್ಲ. ಆದ್ದರಿಂದ ಒಂದೇ ಖಾತೆಯಲ್ಲಿ ನಾಲ್ವರನ್ನು ಕೂರಿಸಿದ್ದಾಳೆ. ಒಂದೇ ಕಂಪೌಂಡಿನೊಳಗೆ ನಾಲ್ಕು ಮನೆ, ನಲ್ಲಿ ಒಂದೇ. ಹಂಪಿಯ ಮೂಕಣ್ಣ, ಗಾದಿಗನೂರಿನ ಜೆಸಿಬಿ ಜಂಬುನಾಥ, ಸಂಡೂರಿನ ರೊಟ್ಟಿ ಜಂಬಕ್ಕ, ಈಗ ಸಾವ್ಕಾರರು. ಹೇಗೋ ಹಳೆಯ ಪಿಎಚ್‌ಪಿಗೂ ಒಗ್ಗುವ ಇನ್ನೊಂದು ಟೆಂಪ್ಲೇಟು ಅವಳ ಹತ್ತಿರ ಇತ್ತು, ಅದನ್ನು ಹಾಕಿದರೆ ಅರ್ಧಕ್ಕೇ ನಿಂತಿತು. ಜಾಗ ಇಲ್ಲ, ಕಂಪೌಂಡು ಭರ್ತಿ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಂಡೂರಿನ ಜಂಬಕ್ಕನದೇ ಸಾಮಾನು, ಮುಟ್ಟಿದರೆ ಕೈ ಮುರಿಯುತ್ತೇನೆ ಅಂದಿದ್ದಾಳೆ ಎಂದು ದೇವಿಕಾ ಹೇಳಿದಳು.

ಸಂಡೂರು ಎಂದ ಕೂಡಲೇ ಕೊಟ್ರಯ್ಯನ ಕೈಯಲ್ಲಿ ತಿರುಗುತ್ತಿದ್ದ ಕೀಲಿ ನಿಂತಿತು. ರೊಟ್ಟಿ ಜಂಬಕ್ಕ ಯಾರು ಅಂತ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದೇವಿಕಾ ಅವನ ಮುಖ ಸಪ್ಪಗಾದದ್ದನ್ನು ನೋಡಿ, ಬೇಡವಾದರೆ ತನ್ನ ಕೈಯಿಂದಲೇ ಅವನಿಗೆ ಬೇರೆ ಜಾಗ ಮಾಡಿಕೊಡುತ್ತೇನೆ, ಇವತ್ತೇ ಮಾಡುತ್ತೇನೆ ಅಂದಳು.

“ಬ್ಯಾರೆ ಮನಿ ಬ್ಯಾಡವ್ವ,” ಅಂದ ಕೊಟ್ರಯ್ಯ. “ಇದ್ದ ಕಂಪೌಂಡಿನಾಗ ಇರ್ತೀನಿ.”

ನೋಡಿ ಇವನ ಆಟ! ಸೀದಾ ಜೀಪು ಹತ್ತಿ ಸಂಡೂರಿಗೆ ಹೋಗಿದ್ದರೆ ಆಗುತ್ತಿತ್ತು. ಅದು ಬಿಟ್ಟು, ಜಾಗ ತಿಂದವಳು ಜಂಬಕ್ಕ ಇರಲಾರಳು, ಬೇರೆಯವರು ಇರಬೇಕು, ಮೊದಲು ಅವರನ್ನು ವಿಚಾರಿಸೋಣ ಅಂದ. ಅದೂ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಹೊಸ ಮನೆಗೆ ಕಾಲಿಡುವವನು ಅಕ್ಕಪಕ್ಕದವರಿಗೆ ಎಲೆಅಡಿಕೆ ಕೊಟ್ಟು ಪ್ರವೇಶಕ್ಕೆ ಕರೆಯಬೇಕು, ಇಲ್ಲದಿದ್ದರೆ ಮನೆಯೊಳಗೆ ಒಂದು ಮೊಳೆಯೂ ನೆಟ್ಟಗೆ ಇಳಿಯುವುದಿಲ್ಲ. ತನ್ನ ಟೆಂಪ್ಲೇಟು ಕೂರದೆ ಇರುವುದಕ್ಕೂ ಇದೇ ಕಾರಣ ಎಂದು ಅವನಿಗೆ ಗಟ್ಟಿಯಾಯಿತು. ಹೊಸಪೇಟೆ ಪೇಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಹೆಂಗಸರಿಗೆ ಕೊಡಲು ಕುಬಸದ ಬಟ್ಟೆಯ ಕಣ ಕೊಂಡ. ಕಣ ಎಲ್ಲವೂ ಹಸಿರು, ಒಂದು ಮಾತ್ರ ಬೇರೆ. ಇಳಕಲ್ಲಿನ ಕೆಂಪು ಅಂಚಿನದು, ಅದನ್ನು ಆರಿಸಲು ಅಂಗಡಿಯವನ ಪ್ರಾಣ ತಿಂದ. ದೇವಿಕಾ ಅಂಗಡಿಗೆ ಬೀಗ ಹಾಕಿ, ಲ್ಯಾಪ್‌ಟಾಪು ಬಗಲಿಗೇರಿಸಿ, ಗೊಣಗುತ್ತ ಜೀಪು ಹತ್ತಿದಳು.

ಮೂಕಣ್ಣ ಹಂಪಿ ಬಜಾರಿನ ಕಲ್ಲುಮಂಟಪವೊಂದರ ನೆರಳಲ್ಲಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಯಲ್ಲಕ್ಕ ಎಳನೀರು ಕೆತ್ತುತ್ತಿದ್ದಳು. ಕೊಟ್ರಯ್ಯ ಎಲೆಅಡಿಕೆ ಮುಂದಿಟ್ಟು, ನಾವು ನಿಮ್ಮ ಮಗ್ಗುಲ ಮನೆಗೆ ಬರುವವರು ಎಂದು ಪರಿಚಯ ಹೇಳಿಕೊಂಡ. ದೇವಿಕಾ ಅದನ್ನು ಸರಿಪಡಿಸಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೂಕಣ್ಣ ಎದ್ದು ಕೈ ಮುಗಿದು, ಬಹಳ ಸಂತೋಷ, ಮಗ್ಗುಲಿಗೆ ಯಾರೂ ಇಲ್ಲದೆ ಬೇಜಾರಾಗಿತ್ತು ಅಂದುಬಿಟ್ಟ. ಮೊನ್ನೆಯಿಂದ ತನಗೂ ಒಳಗೆ ಇಕ್ಕಟ್ಟು ಅನ್ನಿಸುತ್ತಿದೆ ಎಂದೂ ಸೇರಿಸಿದ. ಯಲ್ಲಕ್ಕ ಹಸಿರು ಕಣವನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕತ್ತಿ ಕೆಳಗಿಟ್ಟಳು.

“ಅಲ್ರಿ ಸಾವ್ಕಾರ್ರೇ, ಮಗ್ಗಲಿಗೆ ಮಿಲ್ಲು ಬಂದ್ರ ತೌಡಿನ ಧೂಳು ನಮ್ಮ ಕಡಿ ಬರಂಗಿಲ್ಲೇನು? ಬರ‍್ತಿರೋ ಫಾರಿನ್ ಮಂದಿಗೆ ಅದು ಆಗಂಗಿಲ್ಲ.”

ಕೊಟ್ರಯ್ಯ ವಿಚಾರಕ್ಕೆ ಬಿದ್ದ. ತಾನು ಧೂಳು ಹೀರುವ ಯಂತ್ರ ಹಾಕಿಸಿದ್ದೇನೆ, ಚಿಂತೆ ಬೇಡ ಎಂದು ಮಾತು ಕೊಟ್ಟ. ಆಮೇಲೆ ಜಾಗದ ವಿಷಯ ತೆಗೆದ. ಗಂಡಹೆಂಡತಿ ಲ್ಯಾಪ್‌ಟಾಪಿನ ಮುಂದೆ ಕೂತು ತಮ್ಮ ವೆಬ್‌ಸೈಟನ್ನು ಮನೆ ಗುಡಿಸುವವರ ಹಾಗೆ ಮೂಲೆಮೂಲೆ ನೋಡಿದರು. ಹೊಳೆಯ ಫೋಟೋ ಎರಡಿದ್ದವು, ಒಂದರಲ್ಲಿ ನೀರು, ಒಂದರಲ್ಲಿ ಬರೀ ಬಂಡೆ. ಬಂಡೆ ನೋಡಲು ಯಾರು ಹರಿಗೋಲು ಹತ್ತುತ್ತಾರೆ ಎಂದು ಯಲ್ಲಕ್ಕ ಅದನ್ನು ತೆಗೆಸಿದಳು. ಸಿಕ್ಕ ಜಾಗ ಒಂದು ಚಿಟಿಕೆ. ಮೂಕಣ್ಣ ಮಾತ್ರ, ಪ್ರವೇಶಕ್ಕೆ ಹರಿಗೋಲಿನವರನ್ನೆಲ್ಲ ಕರೆತರುತ್ತೇನೆ, ಅಡುಗೆ ಏನು ಎಂದು ಕೇಳಿದ. ಕೊಟ್ರಯ್ಯ ಗೋಧಿ ಹುಗ್ಗಿ ಅಂದ. ದೇವಿಕಾ ಹಣೆ ಚಚ್ಚಿಕೊಂಡಳು.

ಅಲ್ಲಿಂದ ಹೊಸಪೇಟೆ ದಾಟಿ ಗಾದಿಗನೂರಿಗೆ. ಜಂಬುನಾಥ ತನ್ನ ಜೆಸಿಬಿಯ ಹಲ್ಲುಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಅವನ ವೆಬ್‌ಸೈಟಿನಲ್ಲಿ ಇದ್ದದ್ದು ಅದೇ ಜೆಸಿಬಿಯ ಒಂದು ಫೋಟೋ, ಒಂದು ಫೋನ್ ನಂಬರು. ದಿನಾ ಬೆಳಿಗ್ಗೆ ಅದನ್ನು ತೆರೆದು ಊದುಬತ್ತಿ ಬೆಳಗುತ್ತಾನೆ, ಬೇರೆ ಯಾರೂ ತೆರೆದದ್ದು ದೇವಿಕಾಳಿಗೆ ಗೊತ್ತಿಲ್ಲ. ಅವನು ಕೊಟ್ರಯ್ಯನ ದೂರನ್ನು ಪೂರ್ತಿ ಕೇಳಿ, ತಲೆಯಾಡಿಸಿ, ಇದು ಒತ್ತುವರಿ ಕೇಸು ಅಂದ. ಗಡಿ ಕಲ್ಲು ನೆಟ್ಟಿಲ್ಲದ ಜಾಗದಲ್ಲೆಲ್ಲ ಹೀಗೇ ಆಗುವುದು. ಸರ್ವೆ ಮಾಡಿಸೋಣ. ಯಾರದು ಯಾರ ಕಡೆಗೆ ಬಂದಿದೆಯೋ ಅದನ್ನು ತಾನು ಒಂದು ತಾಸಿನಲ್ಲಿ ಕಿತ್ತು ಕೊಡುತ್ತೇನೆ, ಜೆಸಿಬಿ ಎಲ್ಲಿಗೆ ತರಬೇಕು ಅಷ್ಟು ಹೇಳಿ ಸಾಕು. ದೇವಿಕಾ ಆಕಾಶದ ಕಡೆ ಕೈ ತೋರಿಸಿದಳು. ಅವನು ಆಕಾಶ ನೋಡಿ, ಅಷ್ಟು ಮೇಲಕ್ಕೆ ಬಕೆಟ್ಟು ಏಳುವುದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಒತ್ತಿದವರು ಯಾರು ಅಂತ ಅವನು ಕೇಳಿದ, ದೇವಿಕಾ ಮರೆವಿನಲ್ಲಿ ಸಂಡೂರು ಜಂಬಕ್ಕ ಅಂದಳು. ಜಂಬುನಾಥ ನಕ್ಕು, ಗಂಡ ಸತ್ತ ಹೆಂಗಸು, ರೊಟ್ಟಿ ಬಡಿಯುತ್ತ ಬಡಿಯುತ್ತ ಊರಿನ ಜಾಗವೆಲ್ಲ ಬಡಿದುಕೊಂಡಳು ನೋಡಿ ಎಂದು ಏನೋ ಆಡಿದ.

ಕೊಟ್ರಯ್ಯ ಅವನ ಅಂಗಿಯ ಕಾಲರಿಗೆ ಕೈ ಹಾಕಿದ. “ಲೇ, ಆಕಿ ನಮ್ಮಕ್ಕ. ಬಾಯಿ ಮುಚ್ಕೋ.”

ಎಳೆದಾಟದಲ್ಲಿ ತೆಂಗಿನಕಾಯಿ ಉರುಳಿ ಜೆಸಿಬಿಯ ಗಾಲಿಯ ಕೆಳಗೆ ಹೋಯಿತು. ದೇವಿಕಾ ನಡುವೆ ನುಗ್ಗಿ ಬಿಡಿಸಿದಳು. ಅಕ್ಕ ಎಂಬ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಜೀಪಿಗೆ ಬಂದು ಕೂತ ಮೇಲೆ ಅವಳು ಏನೂ ಕೇಳಲಿಲ್ಲ. ಕೇಳದೆ ಸುಮ್ಮನೆ ಕೂತದ್ದಕ್ಕೇ ಕೊಟ್ರಯ್ಯ ಎಲ್ಲವನ್ನೂ ಹೇಳಿದ. ಬೋರ್ಡಿನ ಕಥೆ ಹೇಳಿದ, ಭಾವ ತೀರಿದಾಗ ಮಣ್ಣಿಗೆ ಹೋಗಿ ಜನರ ಹಿಂದೆ ನಿಂತು ಬಂದದ್ದು ಹೇಳಿದ, ಅಕ್ಕ ರೊಟ್ಟಿ ವ್ಯಾಪಾರಕ್ಕೆ ಇಳಿದದ್ದು ಬೇರೆಯವರಿಂದ ಗೊತ್ತಾದದ್ದು ಹೇಳಿದ. ಅಕ್ಕನಿಗೆ ಬೋರ್ಡಿನ ಮೇಲಿನ ಹೆಸರಿನ ಆಸೆ, ಅಪ್ಪ ತಲೆ ಮೇಲೆ ಕೂರಿಸಿಕೊಂಡದ್ದರ ಫಲ ಎಂದು ಬೈದ. ಬೈಯುತ್ತ ಬೈಯುತ್ತ ಗೇರು ಬದಲಿಸುವುದನ್ನೇ ಮರೆತ. ವಡ್ಡು ಊರು ದಾಟುವ ತನಕ ಜೀಪು ನರಳುತ್ತಲೇ ಹೋಯಿತು, ಹಿಂದಿನ ಅದಿರಿನ ಲಾರಿಗಳು ಹಾರ್ನು ಹೊಡೆದು ಹೊಡೆದು ಸುಸ್ತಾದವು.

ಸಂಡೂರಿನಲ್ಲಿ ಮನೆ ಹುಡುಕುವ ಕಷ್ಟವಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೇ ಕೇಳುತ್ತಿತ್ತು. ಹೆಂಗಸರು ಸಾಲಾಗಿ ಕೂತು ಬಡಿಯುತ್ತಿದ್ದರು, ನಡುವೆ ಸೆರಗು ಸಿಕ್ಕಿಸಿಕೊಂಡ ಜಂಬಮ್ಮ ಫೋನು ಹಿಡಿದು ನಿಂತಿದ್ದಳು. ಬೆಂದ ರೊಟ್ಟಿಯನ್ನು ಒಂದು ಹೆಂಗಸು ಎತ್ತಿ ಹಿಡಿಯುವಳು, ಜಂಬಮ್ಮ ಅದರ ಫೋಟೋ ಹೊಡೆಯುವಳು. ರೊಟ್ಟಿ ತಿರುಗುವುದು, ಮತ್ತೊಂದು ಹೊಡೆಯುವಳು. ಬಾಗಿಲಲ್ಲಿ ತಮ್ಮ ನಿಂತದ್ದನ್ನು ನೋಡಿದಳು. ಹಿಡಿದ ರೊಟ್ಟಿಯ ಫೋಟೋ ಕೆಟ್ಟಿತು.

“ಬರ‍್ರಿ,” ಅಂದಳು. “ಕುಂದ್ರಿ. ಯಾವೂರ್ನೋರು?”

ಕೊಟ್ರಯ್ಯನಿಗೆ ಕಪಾಳಕ್ಕೆ ಬಿದ್ದಂತಾಯಿತು. ಚಡ್ಡಿ ಹಾಕಿಸಿ ಸಾಲೆಗೆ ಕಳಿಸಿದ ಅಕ್ಕ, ಜ್ವರ ಬಂದಾಗ ರಾತ್ರಿಯಿಡೀ ಹೊತ್ತು ತಿರುಗಿದ ಅಕ್ಕ, ಗಿರಾಕಿಯನ್ನು ಕೂರಿಸುವ ಹಾಗೆ ಪ್ಲಾಸ್ಟಿಕ್ ಕುರ್ಚಿ ತೋರಿಸುತ್ತಿದ್ದಾಳೆ. ಸರಿ, ನೀನು ಹಾಗಾದರೆ ನಾನೂ ಹೀಗೇ ಎಂದು ಅವನೂ ಬಿಗಿದುಕೊಂಡ. ಕಂಪ್ಲಿಯವರು, ಅಕ್ಕಿ ವ್ಯಾಪಾರ, ನಿಮ್ಮ ಮಗ್ಗುಲ ಮನೆಗೆ ಬರುವವರು, ಕರೆಯಲು ಬಂದಿದ್ದೇವೆ ಎಂದು ಕೆಂಪು ಅಂಚಿನ ಕಣದ ಮೇಲೆ ಎಲೆಅಡಿಕೆ ಇಟ್ಟು ಮುಂದೆ ಚಾಚಿದ. ಜಂಬಮ್ಮ ಕೈ ಒರೆಸಿಕೊಂಡು ತಗೊಂಡಳು. ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಗ್ಗುಲ ಮನೆಯವರಂತೆ ಮಾತಾಡಿದಳು, ಬಿಸಿಲು ಜಾಸ್ತಿ ಅಲ್ಲವೇ ಎಂದಳು, ಮನೆಯಲ್ಲಿ ಎಲ್ಲರೂ ಆರಾಮವೇ ಎಂದಳು. ರೇಣುಕಮ್ಮನ ಮೊಣಕಾಲು ನೋವು ಹೇಗಿದೆ ಅಂತ ಕೇಳಿ, ಯಾವೂರಿನವರು ಅಂತ ಗೊತ್ತಿಲ್ಲದ ಮನೆಯ ಮೊಣಕಾಲು ತನಗೆ ಹೇಗೆ ಗೊತ್ತಾಯಿತು ಅನ್ನುವುದು ಹೊಳೆದು, ರೊಟ್ಟಿ ಎಣಿಸತೊಡಗಿದಳು.

ದೇವಿಕಾಳೇ ಜಾಗದ ಮಾತು ತೆಗೆಯಬೇಕಾಯಿತು. ಕಂಪೌಂಡು ತುಂಬಿದ್ದು ಈ ಫೋಟೋಗಳಿಂದ. ದಿನಾ ಬೇಯುವ ರೊಟ್ಟಿಯೆಲ್ಲವೂ ವೆಬ್‌ಸೈಟಿಗೆ ಏರಿದೆ, ಮುಂದಿನ ಬದಿ ಹಿಂದಿನ ಬದಿ ಎರಡೂ, ಒಂದನ್ನೂ ಸಣ್ಣ ಮಾಡದೆ ಫೋನಿನಲ್ಲಿ ಇದ್ದ ಹಾಗೇ. ಯಾಕೆ ಅಂದರೆ ಜಂಬಮ್ಮನಲ್ಲಿ ಉತ್ತರ ಸಿದ್ಧವಿತ್ತು. ಯಾವನೋ ದೂರದ ಗಿರಾಕಿ ಫೋನು ಮಾಡಿ, ಫೋಟೋದಲ್ಲಿ ಚೆಂದ ಕಾಣುತ್ತದೆ, ಹಿಂದೆ ಕರಕಲಾಗಿದೆಯೋ ಏನೋ ಅಂದನಂತೆ. ಸಿಟ್ಟು ಬಂತು. ಅಂದಿನಿಂದ ಒಂದೂ ರೊಟ್ಟಿಯನ್ನು ಅರ್ಧ ತೋರಿಸಿ ಮಾರಿಲ್ಲ. ಈ ಮನೆತನದವರ ಸಿಟ್ಟೇ ಹಾಗೆ, ಬಂದರೆ ಸರ್ವರು ತುಂಬುವ ತನಕ ಇಳಿಯುವುದಿಲ್ಲ.

ಕೊಟ್ರಯ್ಯ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ರೊಟ್ಟಿಗಳನ್ನು ನೋಡುತ್ತ ಹೋದ. ಹಿಂದಿನ ಬದಿಗಳನ್ನಾದರೂ ತೆಗೆಯಿರಿ ಎಂದು ಚೌಕಾಶಿಗೆ ಇಳಿದ. ಯಾವುದು ಹಿಂದಿನ ಬದಿ ಎಂದು ಅವಳು ಕೇಳಿದಳು. ಅವನು ಒಂದು ತೋರಿಸಿದ, ಅವಳು ಅದೇ ಮುಂದಿನದು ಅಂದಳು. ಅಕ್ಕಿಯವರಿಗೆ ರೊಟ್ಟಿ ಏನು ಗೊತ್ತು ಎಂದು ಹೆಂಗಸರು ನಕ್ಕರು. ಅವನು ರೇಗಿ, ಜೋಳ ಹುಟ್ಟುವ ಮೊದಲೇ ತಾನು ರೊಟ್ಟಿ ತಿಂದವನು ಎಂದು ಅರ್ಥವಿಲ್ಲದ ಮಾತಾಡಿದ. ಬಡಿಯುವ ಕೈಗಳೆಲ್ಲ ನಿಂತು ಇವರಿಬ್ಬರನ್ನೇ ನೋಡುತ್ತಿದ್ದವು.

ಜಂಬಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ದೇವಿಕಾಳ ಕಡೆ ತಿರುಗಿದಳು. “ಎಲ್ಲಾ ಅಳಸವ್ವ. ಎರಡೂ ಬದಿ.”

ದೇವಿಕಾ ಬೆಚ್ಚಿದಳು. ಕೊಟ್ರಯ್ಯನೂ ಬೆಚ್ಚಿದ. ಎಲ್ಲಾ ಯಾಕೆ, ಅರ್ಧ ಸಾಕು, ಸ್ವಲ್ಪ ಸಾಕು ಎಂದು ತೊದಲಿದ. ರೊಟ್ಟಿಗೇನು, ನಾಳೆ ಮತ್ತೆ ಬೇಯುತ್ತದೆ ಎಂದು ಅವಳು ಕೈ ಆಡಿಸಿದಳು. ಅಷ್ಟು ಹೊತ್ತು ಬಿಗಿ ಹಿಡಿದಿದ್ದ ದನಿ ಆಗ ಸಡಿಲವಾಯಿತು.

“ನನಗ ಅಲ್ಲಿ ಜಾಗ ಇಲ್ಲಂದ್ರ ಏನಾತು ಕೊಟ್ರಾ, ನಿನಗ ಇಲ್ಲಿ ಇರ‍್ಲಿ.”

ಎಲ್ಲಿ ಹೋಯಿತೋ ಕೊಟ್ರಯ್ಯನ ಕೋಪ! ಅವನಿಗಿಂತ ಮುಂದೆ ನಡೆಯುತ್ತಿದ್ದದ್ದು ಈಗ ಎಲ್ಲೂ ಕಾಣಲಿಲ್ಲ. ಬೋರ್ಡು ಇಳಿಸುತ್ತೇನೆ, ನಾಳೆಯೇ ಇಳಿಸುತ್ತೇನೆ, ನಿನ್ನ ಹೆಸರೇ ಬರೆಸುತ್ತೇನೆ, ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸುತ್ತೇನೆ ಎಂದು ಒಂದೇ ಉಸಿರಿನಲ್ಲಿ ಅಂದ.

“ಬೋರ್ಡು ತಗೊಂಡು ನಾ ಏನ್ ಮಾಡ್ಲಿ?” ಅಂದಳು ಜಂಬಮ್ಮ. “ಅವತ್ತು ಗೇಟಿನಾಗ ನೀ ನಿಂತಿದ್ದಿ. ನನ್ನ ನೋಡ್ದಿ. ಇಳಿಯಕ್ಕ ಅಂತ ಒಂದು ಮಾತು ಅಂದಿದ್ರ ಇಳೀತಿದ್ದೆ. ನೀ ಹಿಂದ ಬರ‍್ತಿ ಅಂತ ದಾರ‍್ಯಾಗ ಎರಡು ಸಲ ಆಟೋ ನಿಂದರಸೀನಿ.”

ಒಲೆಯ ಮೇಲೆ ಒಂದು ರೊಟ್ಟಿ ಹೊತ್ತುತ್ತಿತ್ತು, ಯಾರೂ ಅದನ್ನು ತಿರುವಿ ಹಾಕಲಿಲ್ಲ. ಇಷ್ಟು ವರ್ಷ ಕೊಟ್ರಯ್ಯ ಬೋರ್ಡನ್ನೇ ಬೈದುಕೊಂಡು ಬಂದಿದ್ದ. ಬೋರ್ಡಿನ ಕೆಳಗೆ ನಿಂತಿದ್ದವನು ತಾನು, ಬಾಯಿ ಇದ್ದವನು ತಾನು ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಎರಡು ಸಲ ನಿಂತ ಆಟೋ ಅವನ ಕಣ್ಣ ಮುಂದೆ ಬಂತು. ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ದೇವಿಕಾಳ ಕೈಗೆ ಕೊಟ್ಟು ಎದ್ದು ನಿಂತ. ಕಣ್ಣೀರು ವಿಭೂತಿ ಹಚ್ಚಿದ ಮುಖದ ಮೇಲೆ ಧಾರಾಳವಾಗಿ ಇಳಿಯುತ್ತಿತ್ತು, ಅವನು ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

“ಏಳಕ್ಕ. ಪಂಚಮಿಗೆ ಕರಿಯಾಕ ಬಂದೀನಿ.”

“ಹಬ್ಬ ಇನ್ನ ದೂರ ಐತಲ್ಲಲೇ.”

“ಇವತ್ತ ಬಾ.”

ಅವಳು ಇಲ್ಲ ಅನ್ನುವುದಕ್ಕೆ ನೂರು ನೆಪ ಹೇಳಿದಳು. ನಾಳೆ ಬಳ್ಳಾರಿಗೆ ರೊಟ್ಟಿ ಹೋಗಬೇಕು ಅಂದಳು, ಉಟ್ಟ ಸೀರೆ ಚೆನ್ನಾಗಿಲ್ಲ ಅಂದಳು, ತಲೆ ಬಾಚಿಲ್ಲ ಅಂದಳು. ಹಾಗನ್ನುತ್ತಲೇ ಚಪ್ಪಲಿ ಹುಡುಕುತ್ತಿದ್ದಳು. ಹೆಂಗಸರಿಗೆ ಒಂದೊಂದು ಕೆಲಸ ಹೇಳಿದಳು, ಹೊತ್ತಿದ ರೊಟ್ಟಿಗೆ ಒಬ್ಬಳನ್ನು ಬೈದಳು, ಹಿಟ್ಟಿನ ಕೈ ತೊಳೆಯುವುದನ್ನು ಮರೆತು ಜೀಪಿನ ಬಾಗಿಲು ಹಿಡಿದಳು. ಬಾಗಿಲ ಮೇಲೆ ಐದು ಬೆರಳು ಬೆಳ್ಳಗೆ ಮೂಡಿದವು. ಮುಂದಿನ ಸೀಟಿನಲ್ಲಿ ಕೂತದ್ದೇ, ಇಷ್ಟು ಹೊಲಸು ಗಾಡಿಯಲ್ಲಿ ಅಕ್ಕನನ್ನು ಕರೆಯಲು ಬಂದಿದ್ದೀಯಲ್ಲೋ ಎಂದು ಶುರು ಮಾಡಿದಳು. ಜೀಪು ಹೊರಟೇ ಹೋಯಿತು.

ದೇವಿಕಾ ಒಳಗೆ ನೆಲದ ಮೇಲೆ ಕೂತೇ ಇದ್ದಳು. ತಾನೂ ಆ ಜೀಪಿನಲ್ಲೇ ಬಂದವಳು ಎನ್ನುವುದು ಚಿಕ್ಕ ಮಕ್ಕಳಂತೆ ಜಗಳವಾಡುತ್ತ ಹೋದ ಆ ಅಕ್ಕತಮ್ಮಂದಿರಿಗೆ ನೆನಪೇ ಆಗಿರಲಿಲ್ಲ. ರೊಟ್ಟಿಗಳು ಒಂದೊಂದಾಗಿ ಅಳಿಸಿ ಹೋದವು, ಕಂಪೌಂಡು ಖಾಲಿಯಾಯಿತು. ಹೆಂಗಸೊಬ್ಬಳು ತಂದಿಟ್ಟ ರೊಟ್ಟಿಚಟ್ನಿ ತಿನ್ನುತ್ತ ಅವಳು ಇನ್ನೊಮ್ಮೆ ಟೆಂಪ್ಲೇಟು ಕಳಿಸಿದಳು. ಪರದೆಯ ಮೇಲೆ ತೆವಳುತ್ತಿದ್ದ ಪಟ್ಟಿ ತುದಿ ಮುಟ್ಟಿತು. ಯಾವ ತಕರಾರೂ ಬರಲಿಲ್ಲ, ಸಾವ್ಕಾರನ ವೆಬ್‌ಸೈಟು ಹಸಿರು ಗದ್ದೆ, ಬಿಳಿ ಅಕ್ಕಿ ಎಲ್ಲದರ ಸಮೇತ ತೆರೆದುಕೊಂಡಿತು. ಇಡೀ ದಿನದ ಒದ್ದಾಟ ನೆನೆದು ಅವಳಿಗೆ ಕೂಗಬೇಕು ಅನ್ನಿಸಿತು. ಗಡಿಬಿಡಿಯಿಂದ ಕೊಟ್ರಯ್ಯನಿಗೆ ಫೋನು ಮಾಡಿ, ಕೂತಿತು ಸಾವ್ಕಾರ್ರೇ, ಕೊನೆಗೂ ಕೂತಿತು ಅಂದಳು.

ಆ ಕಡೆ ಗಾಳಿಯ ಸಪ್ಪಳ, ಮೆಲ್ಲಗೆ ಹೋಗೋ ಎಂದು ಗದರಿಸುವ ಜಂಬಮ್ಮನ ದನಿ. ಕೊಟ್ರಯ್ಯನಿಗೆ ಏನು ಕೂತಿತು ಎನ್ನುವುದು ತಕ್ಷಣ ತಿಳಿಯಲಿಲ್ಲ.

“ಕುಂದ್ರಲಿ ಬಿಡವ್ವ,” ಅಂದ. “ನಮ್ಮಕ್ಕ ಬರಾಕತ್ಯಾಳ. ರೇಣುಕಿಗೆ ಫೋನ್ ಮಾಡ್ಬೇಕು, ಇಡು.”